ದ್ವೀಪಕ್ಕೆ ಹೊರಟವರ ಗಂಟುಮೂಟೆ

ಪ್ರವಾಸದ ದಿನ ಗೊತ್ತಾಯಿತೆಂದರೆ ಸಾಕು, ವರ್ಷವಿಡೀ ಅಟ್ಟದ ಮೇಲೆ ಧೂಳು ತಿನ್ನುತ್ತ ಕುಳಿತ ಸೂಟ್‌ಕೇಸುಗಳಿಗೆ ಜೀವ ಬರುತ್ತದೆ. ಧರ್ಮಸ್ಥಳಕ್ಕೋ ಮೈಸೂರಿಗೋ ಹೊರಡುವುದಾದರೆ ಏನೇನು ತುಂಬಿಕೊಳ್ಳಬೇಕೆಂದು ಯಾವ ಮನೆಯಲ್ಲೂ ಚರ್ಚೆ ನಡೆಯುವುದಿಲ್ಲ. ಎರಡು ಜೊತೆ ಬಟ್ಟೆ, ಒಂದು ಟವೆಲ್ಲು, ದಾರಿಗೆ ಚಿತ್ರಾನ್ನ, ಮೊಸರನ್ನ. ಮರೆತದ್ದೇನಾದರೂ ಇದ್ದರೆ ಬಸ್ ನಿಲ್ದಾಣದ ಎದುರಿನ ಅಂಗಡಿ ಇದ್ದೇ ಇದೆ. ಆದರೆ ಹೊರಟಿರುವುದು ಬಂಗಾಳ ಕೊಲ್ಲಿಯ ಆಚೆಗಿನ ಅಂಡಮಾನಿನ ಕಡಲತೀರಕ್ಕೆ ಎಂದಾದರೆ ಲೆಕ್ಕ ಬೇರೆ. ಅಲ್ಲಿ ಮರೆತದ್ದು ಸುಲಭವಾಗಿ ಸಿಗುವುದಿಲ್ಲ, ಬಿಟ್ಟುಬಂದದ್ದು ಸುಲಭವಾಗಿ ಕರಗುವುದಿಲ್ಲ. ಆದ್ದರಿಂದ ದ್ವೀಪದ ಪ್ರವಾಸ ವಿಮಾನ ಏರಿದಾಗ ಶುರುವಾಗುವುದಲ್ಲ. ಮನೆಯ ನಡುಮನೆಯಲ್ಲಿ, ತೆರೆದ ಸೂಟ್‌ಕೇಸಿನ ಮುಂದೆಯೇ ಶುರುವಾಗುತ್ತದೆ.

ಬೆಂಗಳೂರಿನಿಂದ ವಿಮಾನ ಹತ್ತಿದರೆ ಸುಮಾರು ಎರಡೂವರೆ ಗಂಟೆಯಲ್ಲಿ ಶ್ರೀ ವಿಜಯಪುರಂ. 2024ರ ಸೆಪ್ಟೆಂಬರಿನವರೆಗೆ ಇದೇ ಊರನ್ನು ಪೋರ್ಟ್ ಬ್ಲೇರ್ ಎನ್ನುತ್ತಿದ್ದರು. ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಗಳಿಂದ ಹಡಗೂ ಉಂಟು. ಮೂರು ನಾಲ್ಕು ದಿನದ ಪುರುಸೊತ್ತು ಇರಬೇಕಷ್ಟೆ. ಆದರೆ ಕುಟುಂಬದೊಡನೆ ಬರುವವರ ಮನಸ್ಸಿರುವುದು ಶ್ರೀ ವಿಜಯಪುರಂನಿಂದ ಸುಮಾರು 40 ಕಿಲೋಮೀಟರ್ ಈಶಾನ್ಯಕ್ಕಿರುವ ಸ್ವರಾಜ್ ದ್ವೀಪದ ಮೇಲೆ. 2018ರ ಡಿಸೆಂಬರಿನವರೆಗೆ ಇದರ ಹೆಸರು ಹ್ಯಾವ್‌ಲಾಕ್. 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಸೇನಾಧಿಕಾರಿಯ ಹೆಸರದು. 1943ರ ಡಿಸೆಂಬರ್ 30ರಂದು ನೇತಾಜಿ ಸುಭಾಷ್‌ಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಅಂಡಮಾನ್ ಮತ್ತು ನಿಕೋಬಾರ್‌ಗಳಿಗೆ ಶಹೀದ್ ಮತ್ತು ಸ್ವರಾಜ್ ಎಂಬ ಹೆಸರುಗಳನ್ನು ಸೂಚಿಸಿದ್ದರು. ಆ ಎರಡು ಹೆಸರುಗಳು ಈಗ ಅಕ್ಕಪಕ್ಕದ ಎರಡು ಪುಟ್ಟ ದ್ವೀಪಗಳಿಗೆ ಬಂದಿವೆ. ನೀಲ್ ದ್ವೀಪವಾಗಿದ್ದದ್ದು ಈಗ ಶಹೀದ್ ದ್ವೀಪ.

ಸ್ವರಾಜ್ ದ್ವೀಪದ ಹಳ್ಳಿಗಳ ಹೆಸರು ಕೇಳಿದರೆ ವೃಂದಾವನಕ್ಕೆ ಬಂದಂತಾಗುತ್ತದೆ: ಗೋವಿಂದನಗರ, ಕೃಷ್ಣನಗರ, ರಾಧಾನಗರ, ಶ್ಯಾಮನಗರ. ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರನ್ನು 1950ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಲಾಯಿತು. ಕಾಡು ಕಡಿದು, ಗದ್ದೆ ಮಾಡಿ, ತೆಂಗು ಅಡಿಕೆ ನೆಟ್ಟ ಆ ಜನರ ಮಕ್ಕಳು ಮೊಮ್ಮಕ್ಕಳು ಇಂದು ರೆಸಾರ್ಟುಗಳಲ್ಲಿ ಕೆಲಸ ಮಾಡುತ್ತಾರೆ, ದೋಣಿ ನಡೆಸುತ್ತಾರೆ, ಎಳನೀರು ಮಾರುತ್ತಾರೆ. ಪ್ರವಾಸಿಗೆ ಇದು ನಾಲ್ಕು ದಿನದ ರೆಸಾರ್ಟು. ಅವರಿಗೆ ಇದೇ ಊರು, ಇದೇ ಬಾವಿ, ಇದೇ ದಡ. ಸೂಟ್‌ಕೇಸು ತುಂಬುವ ಮೊದಲು ನೆನಪಿಡಬೇಕಾದ ಮೊದಲ ಮಾತು ಇದು.

ಹದಿನೈದು ಕಿಲೋದ ಲೆಕ್ಕ

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕನಿಗೆ ಹೊಟ್ಟೆಯೊಳಗೆ ಹಾಕುವ ಸಾಮಾನು 15 ಕಿಲೋ, ಕೈಚೀಲ 7 ಕಿಲೋ ಎಂಬುದು ರೂಢಿ. ಮದುವೆಗೆ ಹೊರಟವರಂತೆ ತುಂಬುವ ಅಭ್ಯಾಸವಿರುವ ಮನೆಗಳಿಗೆ ಇದೊಂದು ಪರೀಕ್ಷೆಯೇ ಸರಿ. ಆದರೆ ನಾಲ್ಕೈದು ದಿನದ ಕಡಲತೀರದ ವಾಸಕ್ಕೆ ಇಷ್ಟೂ ಬೇಕಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲೂ ಅಲ್ಲಿ ಸ್ವೆಟರ್ ಬೇಕಿಲ್ಲ. ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದರೆ ಜೀನ್ಸ್ ಪ್ಯಾಂಟು ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ. ಜರಿ ಸೀರೆ, ಕೋಟು, ಹೊಸ ಚರ್ಮದ ಚಪ್ಪಲಿಗಳಿಗಂತೂ ಉಪ್ಪುಗಾಳಿ ಆಗಿಬರುವುದಿಲ್ಲ. ಸಡಿಲವಾದ, ತೆಳುವಾದ, ಬೇಗ ಒಣಗುವ ಬಟ್ಟೆ ನಾಲ್ಕು ಜೊತೆ ಇದ್ದರೆ ಧಾರಾಳವಾಯಿತು.

ಮುಖ್ಯವಾದ ವಿವೇಕ ಇರುವುದು ಯಾವುದನ್ನು ಎಲ್ಲಿಡಬೇಕು ಎಂಬುದರಲ್ಲಿ. ಅಜ್ಜಿಯ ರಕ್ತದೊತ್ತಡದ ಮಾತ್ರೆ, ತಾತನ ಇನ್ಸುಲಿನ್, ಮಗುವಿನ ಉಬ್ಬಸದ ಪಂಪು, ಎಲ್ಲರ ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಇವು ಕೈಚೀಲದಲ್ಲೇ ಇರಬೇಕು. ದೊಡ್ಡ ಪೆಟ್ಟಿಗೆ ತಪ್ಪಿ ಬೇರೆ ಊರಿಗೆ ಹೋದರೆ ಬಟ್ಟೆಯಿಲ್ಲದೆ ಒಂದು ದಿನ ಕಳೆಯಬಹುದು, ಮಾತ್ರೆಯಿಲ್ಲದೆ ಕಳೆಯಲಾಗದು. ಮೊಬೈಲಿಗೆ ವಿದ್ಯುತ್ ಕೊಡುವ ಪವರ್ ಬ್ಯಾಂಕನ್ನು ನಿಯಮದ ಪ್ರಕಾರವೇ ಕೈಚೀಲದಲ್ಲಿ ಒಯ್ಯಬೇಕು. ಅದರೊಳಗಿನ ಲಿಥಿಯಂ ಬ್ಯಾಟರಿ ಅಕಸ್ಮಾತ್ ಹೊತ್ತಿಕೊಂಡರೆ ಸಾಮಾನಿನ ಕೋಣೆಯಲ್ಲಿ ಆರಿಸುವವರು ಯಾರೂ ಇರುವುದಿಲ್ಲ. ಕತ್ತರಿ, ಚಾಕು ಮಾತ್ರ ದೊಡ್ಡ ಪೆಟ್ಟಿಗೆಗೆ.

ಕನ್ನಡಿಗರ ಮನೆಗೆ ಸಂಬಂಧಪಟ್ಟ ಇನ್ನೊಂದು ಸೂಕ್ಷ್ಮವೂ ಇದೆ. ಒಣ ಕೊಬ್ಬರಿ ಗಿಟುಕನ್ನು ಪೆಟ್ಟಿಗೆಯಲ್ಲಿಟ್ಟರೆ ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ತೆಂಗಿನ ತೋಪುಗಳ ನಡುವೆಯೇ ಇರುವ ದ್ವೀಪಕ್ಕೆ ತಿಪಟೂರಿನ ಕೊಬ್ಬರಿ ಹೊತ್ತೊಯ್ಯುವ ಅಗತ್ಯವಾದರೂ ಏನು!

ಸೂರ್ಯನ ಗಡಿಯಾರವೇ ಬೇರೆ

ಸಂಜೆ ಆರೂವರೆಗೆ ಸೂರ್ಯಾಸ್ತ ನೋಡೋಣವೆಂದು ಕಾಫಿ ಹೀರುತ್ತ ರೆಸಾರ್ಟಿನಲ್ಲಿ ಕುಳಿತವರು ಮೊದಲ ದಿನ ಬೇಸ್ತು ಬೀಳುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗಿರುತ್ತಾನೆ. ಐದೂವರೆಗೆ ಕತ್ತಲು. ಬೇಸಿಗೆಯಲ್ಲಿ ಬೆಳಗ್ಗೆ ಐದರ ಆಸುಪಾಸಿಗೆ ಬೆಳಕು ಹರಿದು ಕಿಟಕಿ ತಟ್ಟುತ್ತದೆ.

ಇದಕ್ಕೆ ಕಾರಣ ಭೂಗೋಳದ ಪಾಠದಲ್ಲೇ ಇದೆ. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ಕಾಲಮಾನವನ್ನು ಅನುಸರಿಸುತ್ತವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಶ್ರೀ ವಿಜಯಪುರಂ ಇರುವುದು ತೊಂಬತ್ತೆರಡೂ ಮುಕ್ಕಾಲು ಡಿಗ್ರಿಯ ಹತ್ತಿರ. ಅಂದರೆ ಅಲ್ಲಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 41 ನಿಮಿಷ ಮುಂದೆ. ಬೆಂಗಳೂರು ಆ ರೇಖೆಯಿಂದ ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿಯ ಸೂರ್ಯ 20 ನಿಮಿಷ ಹಿಂದೆ. ಎರಡನ್ನೂ ಕೂಡಿದರೆ ಬೆಂಗಳೂರಿಗೂ ಅಂಡಮಾನಿಗೂ ಒಂದು ಗಂಟೆಯ ಅಂತರ. ಗಡಿಯಾರ ಮಾತ್ರ ಒಂದೇ!

ಈ ಲೆಕ್ಕ ಪರೀಕ್ಷೆಗಷ್ಟೇ ಅಲ್ಲ, ಚೀಲ ತುಂಬುವಾಗಲೂ ಬೇಕು. ಎಲ್ಲರಿಗಿಂತ ಮೊದಲು ಚೀಲ ಸೇರಬೇಕಾದದ್ದು ಒಂದು ಟಾರ್ಚು. ರಾಧಾನಗರ ತೀರದಲ್ಲಿ ಸೂರ್ಯಾಸ್ತ ನೋಡಿ ಮರಳುವ ದಾರಿ ಕಾಡಿನ ನಡುವಿನದು. ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಲ್ಲಿ ನಡುಮಧ್ಯಾಹ್ನವಾಗುವುದು ಹನ್ನೆರಡಕ್ಕಲ್ಲ, ಹನ್ನೊಂದು ಇಪ್ಪತ್ತರ ಸುಮಾರಿಗೆ. ಊರಿನಲ್ಲಿ ಹತ್ತರಿಂದ ಮೂರರ ಬಿಸಿಲಿಗೆ ಹೋಗಬೇಡಿ ಎನ್ನುವ ಅಮ್ಮಂದಿರು ಅಲ್ಲಿ ಒಂಬತ್ತರಿಂದ ಎರಡರವರೆಗೆ ಎಂದು ತಿದ್ದಿಕೊಳ್ಳಬೇಕಾಗುತ್ತದೆ. ಸಮುದ್ರಸ್ನಾನಕ್ಕೆ ಪ್ರಶಸ್ತ ಕಾಲ ಬೆಳಗಿನ ಆರರಿಂದ ಎಂಟೂವರೆ. ಹಾಗಾಗಿ ತಡವಾಗಿ ಏಳುವ ಮಕ್ಕಳಿಗೊಂದು ಅಲಾರಂ ಸಹ ಸಾಮಾನಿನ ಪಟ್ಟಿಯಲ್ಲಿರಲಿ.

ಬಿಸಿಲಿನ ಮಾತು ಬಂದಾಗ ಬಯಲುಸೀಮೆಯವರು ನಗುವುದುಂಟು: ರಾಯಚೂರಿನ ಬಿಸಿಲು ಕಂಡವರಿಗೆ ಸಮುದ್ರದ ಬಿಸಿಲು ಯಾವ ಲೆಕ್ಕ? ಮೋಸ ಇರುವುದೇ ಅಲ್ಲಿ. ತಣ್ಣನೆಯ ಗಾಳಿ ಬೀಸುತ್ತಿರುವುದರಿಂದ ಚರ್ಮ ಸುಡುತ್ತಿರುವುದು ತಿಳಿಯುವುದಿಲ್ಲ. ಏಪ್ರಿಲ್ ಮೂರನೆಯ ವಾರದ ಸುಮಾರಿಗೆ ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಜೊತೆಗೆ ಒಣಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇಕಡಾ 15ರಷ್ಟನ್ನು ಮೇಲಕ್ಕೆ ಎಸೆಯುತ್ತದೆ, ಅಲೆಯ ನೊರೆ ಶೇಕಡಾ 25ರಷ್ಟನ್ನು. ಕೊಡೆಯ ಕೆಳಗೆ ಕುಳಿತವರ ಮೂಗೂ ಕೆಂಪಾಗುವುದು ಇದರಿಂದಲೇ. ಅಗಲ ಅಂಚಿನ ಟೋಪಿ, ತಂಪುಕನ್ನಡಕ, ಮೈತುಂಬ ತೋಳಿನ ಅಂಗಿ ಇವು ಶೋಕಿಯ ಸಾಮಾನಲ್ಲ.

ಮಳೆಗೆ ಮೊದಲ ಮನೆ

ನೈಋತ್ಯ ಮುಂಗಾರು ಕೇರಳಕ್ಕೆ ಜೂನ್ 1ರ ಹೊತ್ತಿಗೆ ಬರುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಅದಕ್ಕೂ ಮೊದಲೇ, ಮೇ ಮೂರನೆಯ ವಾರದ ಸುಮಾರಿಗೆ, ಅದು ಅಂಡಮಾನಿನಲ್ಲಿ ಇಳಿದಿರುತ್ತದೆ. ಭಾರತದ ನೆಲದಲ್ಲಿ ಮುಂಗಾರಿಗೆ ಮೊದಲ ಮನೆ ಅದು. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಮೇ ಕೊನೆಯವರೆಗೂ ಇರುವುದರಿಂದ, ರಜೆಯ ಕೊನೆಗೆ ನೋಡೋಣ ಎಂದು ಮುಂದೂಡಿದವರಿಗೆ ಅಲ್ಲಿ ಸಿಗುವುದು ಕಲಕಿದ ಕಡಲು, ರದ್ದಾದ ದೋಣಿ. ಏಪ್ರಿಲಿನಲ್ಲೋ ಮೇ ಮೊದಲ ವಾರದಲ್ಲೋ ಹೋಗಿಬರುವುದು ಜಾಣತನ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕಡಲು ಸಾಮಾನ್ಯವಾಗಿ ಶಾಂತ. ಆದರೂ ಈಶಾನ್ಯ ಮಾರುತದ ಕೊನೆಯ ಮಳೆಯೋ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೋ ಅಡ್ಡ ಬರಬಹುದು.

ಹಾಗಾಗಿ ಮಡಚುವ ರೇನ್‌ಕೋಟು, ಮೊಬೈಲು ಮತ್ತು ಕಾಗದಪತ್ರ ಇಡಲು ನೀರು ಒಳಹೋಗದ ಚೀಲ ಇವೆರಡು ಯಾವ ಕಾಲದಲ್ಲಾದರೂ ಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ಯಾವ ಪೆಟ್ಟಿಗೆಯಲ್ಲೂ ಇಡಲಾಗುವುದಿಲ್ಲ: ಕೈಯಲ್ಲಿ ಒಂದು ಹೆಚ್ಚುವರಿ ದಿನ. ಸ್ವರಾಜ್ ದ್ವೀಪದಿಂದ ಬೆಳಗ್ಗೆ ಹೊರಟು ಅದೇ ಮಧ್ಯಾಹ್ನ ವಿಮಾನ ಹಿಡಿಯುವ ಯೋಜನೆ ಹಾಕಿಕೊಂಡವರ ಪಾಡು, ಹಡಗು ರದ್ದಾದ ದಿನ ಯಾರಿಗೂ ಬೇಡ. ಕೊನೆಯ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲಿ ಕಳೆಯುವುದು ಕ್ಷೇಮ.

ಆ ದಿನ ವ್ಯರ್ಥವಾಗುವುದೂ ಇಲ್ಲ. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲಾರ್ ಜೈಲು ಅಲ್ಲೇ ಇದೆ. ನಕ್ಷತ್ರದ ಕಿರಣಗಳಂತೆ ಹರಡಿದ್ದ ಅದರ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. 1979ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಮಕ್ಕಳ ಚೀಲದಲ್ಲಿ ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲು ಇದ್ದರೆ ಉಪಯೋಗಕ್ಕೆ ಬರುವುದು ಇಂಥ ಕಡೆ. ಒಂಟಿ ಕೋಣೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆದು ಬರೆದುಕೊಂಡ ಹುಡುಗಿಗೆ ಇತಿಹಾಸದ ಪುಟ ಮತ್ತೆ ಬಾಯಿಪಾಠ ಮಾಡುವ ಸಂಗತಿಯಾಗಿ ಉಳಿಯುವುದಿಲ್ಲ.

ನೀರಿಗಿಳಿಯುವ ಮುನ್ನ

ಸಮುದ್ರ ಕಂಡೊಡನೆ ಉಟ್ಟ ಬಟ್ಟೆಯಲ್ಲೇ ಓಡಿಹೋಗಿ ನೀರಿಗಿಳಿಯುವುದು ಬಯಲುಸೀಮೆಯ ಮಂದಿಯ ಸಂಭ್ರಮದ ರೀತಿ. ಸೀರೆ ಎತ್ತಿ ಕಟ್ಟಿದ ಚಿಕ್ಕಮ್ಮ, ಚೂಡಿದಾರದ ಅಕ್ಕ, ಪ್ಯಾಂಟು ಮಡಚಿದ ಮಾವ, ಎಲ್ಲರೂ ಸಾಲಾಗಿ ಕೈಹಿಡಿದು ಅಲೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ಇದು ತಮಾಷೆ. ಸೊಂಟದುದ್ದಕ್ಕೆ ಹೋದರೆ ನೆನೆದ ಸೀರೆ, ದುಪಟ್ಟಾ, ಜೀನ್ಸ್ ಎಲ್ಲ ಕಾಲಿಗೆ ಕಟ್ಟಿದ ಕಲ್ಲು. ಮೈಗೆ ಅಂಟಿಕೊಳ್ಳದ, ನೀರು ಹಿಡಿಯದ ನೈಲಾನ್ ಬಗೆಯ ಬಟ್ಟೆಯಲ್ಲಿ ಕುತ್ತಿಗೆಯಿಂದ ಮೊಣಕಾಲಿನವರೆಗೆ ಮುಚ್ಚುವ ಈಜುಡುಗೆಗಳು ಈಗ ಎಲ್ಲ ಊರುಗಳಲ್ಲೂ ಸಿಗುತ್ತವೆ. ಸಂಕೋಚವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ, ಬಿಸಿಲಿನಿಂದ ಚರ್ಮವೂ ಉಳಿಯುತ್ತದೆ.

ಕಾಲಿಗೆ ಹಿಮ್ಮಡಿಯ ಕಡೆ ಪಟ್ಟಿಯಿರುವ ರಬ್ಬರ್ ಚಪ್ಪಲಿಯೋ ನೀರಿನ ಶೂಗಳೋ ಇರಬೇಕು. ದ್ವೀಪದ ಪೂರ್ವದ ಮಗ್ಗುಲಿನಲ್ಲಿ, ರೆಸಾರ್ಟುಗಳೇ ಹೆಚ್ಚಾಗಿರುವ ಕಡೆ, ಇಳಿತದ ಹೊತ್ತಿಗೆ ಸಮುದ್ರ ಬಹುದೂರ ಹಿಂದೆ ಸರಿದು ಕಲ್ಲು, ಹವಳದ ತುಣುಕುಗಳು ತಲೆಯೆತ್ತುತ್ತವೆ. ಬೆಳಗ್ಗೆ ನೀಲಿಯಾಗಿ ಕಂಡ ಕಡಲು ಮಧ್ಯಾಹ್ನಕ್ಕೆ ಎಲ್ಲಿ ಹೋಯಿತೆಂದು ಮಕ್ಕಳು ಕೇಳುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ರಾಧಾನಗರದಲ್ಲಿ ಮಾತ್ರ ನುಣ್ಣನೆಯ ಮರಳು. ಏಷ್ಯಾದ ಅತ್ಯುತ್ತಮ ಕಡಲತೀರವೆಂದು 2004ರಲ್ಲಿ ಟೈಮ್ ಪತ್ರಿಕೆ ಹೊಗಳಿದ ತೀರವಿದು.

ನುಣ್ಣನೆಯ ತೀರವೆಂದ ಮಾತ್ರಕ್ಕೆ ಅಪಾಯವಿಲ್ಲದ ತೀರವೆಂದಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಿರುಗಲೇಬೇಕಷ್ಟೆ? ಕೆಲವೆಡೆ ಅದು ಕಿರಿದಾದ ಓಣಿಯಲ್ಲಿ ಹರಿದಂತೆ ರಭಸದಿಂದ ಆಳದ ಕಡೆಗೆ ಹೋಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆಯಾದ್ದರಿಂದ ನೋಡುವವರಿಗೆ ಅದೇ ಶಾಂತವಾದ ಜಾಗವೆನಿಸುತ್ತದೆ. ಆ ಸೆಳೆತಕ್ಕೆ ಸಿಕ್ಕವರು ದಡದತ್ತಲೇ ಈಜಲು ಹೆಣಗಿ ಸುಸ್ತಾಗುತ್ತಾರೆ. ಗಾಬರಿಯಾಗದೆ ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಆ ಓಣಿಯಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು. ಕೈಯೆತ್ತಿ ಸಹಾಯಕ್ಕೆ ಕೂಗಬೇಕು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದದ್ದನ್ನು ಕರ್ನಾಟಕ ಮರೆತಿಲ್ಲ. ಸಮುದ್ರ ಯಾವ ಊರಿನದಾದರೂ ಅದರ ಸ್ವಭಾವ ಒಂದೇ.

ಗಾಳಿ ತುಂಬಿದ ಬಾತುಕೋಳಿ, ಟ್ಯೂಬುಗಳನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಈಜುಕೊಳದ ಆಟಿಕೆಗಳವು, ಕಡಲಗಾಳಿ ಅವನ್ನು ಮಗುವಿನ ಸಮೇತ ತಳ್ಳಿಕೊಂಡು ಹೋಗಬಲ್ಲದು. ದೋಣಿ ಹತ್ತುವಾಗ ಮಗುವಿನ ಅಳತೆಯ ಜೀವರಕ್ಷಕ ಜಾಕೆಟ್ಟನ್ನೇ ಕೇಳಿ ಪಡೆಯಬೇಕು. ದೊಡ್ಡವರದು ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಎಚ್ಚರಿಕೆಯ ಫಲಕಗಳನ್ನು ಓದಿ ನಡೆಯಬೇಕು. 2010ರಲ್ಲಿ ರಾಧಾನಗರದ ಪಕ್ಕದ ನೀಲ್ಸ್ ಕೋವ್ ಎಂಬಲ್ಲಿ ವಿದೇಶಿ ಪ್ರವಾಸಿಯೊಬ್ಬರು ಉಪ್ಪುನೀರಿನ ಮೊಸಳೆಗೆ ಬಲಿಯಾದರು. ಹಳ್ಳದ ಬಾಯಿ, ಕಾಂಡ್ಲಾ ಕಾಡಿನ ಅಂಚು, ಮುಸ್ಸಂಜೆಯ ನೀರು ಈ ಮೂರರಿಂದ ದೂರವಿರುವುದು ಅಲ್ಲಿನವರೇ ಪಾಲಿಸುವ ನಿಯಮ.

ಹೊರಡಲು ಇನ್ನೂ ಮೂರು ತಿಂಗಳಿದ್ದರೆ ಪಟ್ಟಿಗೆ ಇನ್ನೊಂದು ಬಾಬ್ತು ಸೇರಿಸಬಹುದು. ಊರಿನ ಈಜುಕೊಳದಲ್ಲಿ ಮಕ್ಕಳಿಗೆ, ಸಾಧ್ಯವಾದರೆ ಅಪ್ಪ ಅಮ್ಮನಿಗೂ, ಈಜು ಕಲಿಸುವುದು. ತೂಕವಿಲ್ಲದ ಸಾಮಾನು ಅದೊಂದೇ.

ಔಷಧದ ಡಬ್ಬಿ

ಸ್ವರಾಜ್ ದ್ವೀಪದಲ್ಲಿ ಆರೋಗ್ಯ ಕೇಂದ್ರವಿದೆ. ಆದರೆ ದೊಡ್ಡ ಆಸ್ಪತ್ರೆಯಿರುವುದು ಶ್ರೀ ವಿಜಯಪುರಂನಲ್ಲಿ, ಅಂದರೆ ಎರಡು ಗಂಟೆಯ ಹಡಗುದಾರಿಯ ಆಚೆ. ರಾತ್ರಿ ಹೊತ್ತು ಮೂಲೆಯ ಮೆಡಿಕಲ್ ಶಾಪಿಗೆ ಓಡಿಹೋಗುವ ಅನುಕೂಲ ಅಲ್ಲಿಲ್ಲ. ಆದ್ದರಿಂದ ನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ ಒಯ್ಯಬೇಕು, ವೈದ್ಯರ ಚೀಟಿಯ ಸಮೇತ. ಜ್ವರದ ಮಾತ್ರೆ, ಪುನರ್ಜಲೀಕರಣದ ಪೊಟ್ಟಣ, ಗಾಯ ತೊಳೆಯುವ ಔಷಧ, ಪಟ್ಟಿ, ಹತ್ತಿ, ಸಣ್ಣ ಚಿಮ್ಮಟ ಇವಿಷ್ಟು ಇರಲಿ. ಪುನರ್ಜಲೀಕರಣದ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಕಡಿಮೆಯೂ ಅಲ್ಲ, ಹೆಚ್ಚೂ ಅಲ್ಲ. ಹವಳದ ಕಲ್ಲು ತರಚಿದ ಗಾಯ ನೋಡಲು ಚಿಕ್ಕದು, ಕೀವಾಗುವುದು ಬೇಗ. ಕೂಡಲೇ ಶುದ್ಧ ನೀರಿನಲ್ಲಿ ತೊಳೆದು ಔಷಧ ಹಚ್ಚಬೇಕು.

ಹಡಗಿನ ಹೊಯ್ದಾಟಕ್ಕೆ ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಂಡು, ಹಡಗು ಹೊರಡುವ ಮೊದಲೇ ನುಂಗಬೇಕು. ಶುರುವಾದ ಮೇಲೆ ನುಂಗಿ ಫಲವಿಲ್ಲ. ಹಡಗಿನ ನಡುಭಾಗದಲ್ಲಿ ಕುಳಿತು ದೂರದ ದಿಗಂತ ನೋಡುತ್ತಿದ್ದರೆ ಅರ್ಧ ತೊಂದರೆ ಕಡಿಮೆ. ಮೊಬೈಲು ನೋಡುತ್ತ ಕುಳಿತ ಮಕ್ಕಳಿಗೇ ಮೊದಲು ವಾಂತಿ!

ಸಂಜೆಯ ಹೊತ್ತು ದಡದಲ್ಲಿ ಸೊಳ್ಳೆಗಳ ಜೊತೆಗೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಮರಳುನೊಣಗಳೂ ಕಚ್ಚುತ್ತವೆ. ಕಚ್ಚಿದಾಗ ತಿಳಿಯುವುದಿಲ್ಲ, ಮಾರನೆಯ ದಿನ ತುರಿಕೆ ಪ್ರಾಣ ತಿನ್ನುತ್ತದೆ. ಪೂರ್ತಿ ಉದ್ದದ ಒಂದು ಪೈಜಾಮ, ಕೀಟನಿವಾರಕ ಮುಲಾಮು ಇದ್ದರೆ ಈ ಉಪದ್ರವ ತಪ್ಪೀತು. ಬರಿಮರಳಿನ ಮೇಲೆ ಕೂರದೆ ಚಾಪೆ ಹಾಸಿಕೊಳ್ಳಬೇಕು.

ತಿಂಡಿ, ನೀರು, ದುಡ್ಡು

ಮನೆಯಿಂದ ತಿಂಡಿ ಕಟ್ಟಿಕೊಂಡು ಹೋಗದೆ ಪ್ರವಾಸ ಹೋದದ್ದುಂಟೆ? ಹುರಿದ ಅವಲಕ್ಕಿ, ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಇವಕ್ಕೆ ದ್ವೀಪದಲ್ಲೂ ಬೆಲೆಯಿದೆ. ಬಂಗಾಳಿಗಳ ಊರಾದ್ದರಿಂದ ಅನ್ನ, ಮೀನಿನ ಸಾರು ಎಲ್ಲೆಡೆ ಸಿಗುತ್ತದೆ. ಶಾಕಾಹಾರಿಗಳಿಗೂ ಉಪವಾಸವಿಲ್ಲ. ಆದರೂ ತಡವಾದ ಹಡಗಿಗೆ ಕಾಯುವಾಗ ಡಬ್ಬಿಯ ಚಕ್ಕುಲಿಯೇ ಬಂಧು. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟದೆ ಸ್ಟೀಲಿನ ಡಬ್ಬಿಯಲ್ಲಿ ಒಯ್ದರೆ ಎರಡು ಅನುಕೂಲ. ಇರುವೆ ಹತ್ತುವುದಿಲ್ಲ, ಖಾಲಿ ಡಬ್ಬಿ ಮನೆಗೇ ಮರಳುತ್ತದೆ.

ಪ್ಲಾಸ್ಟಿಕ್ಕಿನ ಮಾತು ಕೇಳಿ ಕೇಳಿ ಮಕ್ಕಳಿಗೆ ಬೇಸರ ಬಂದಿರಬಹುದು. ದ್ವೀಪದಲ್ಲಿ ಅದಕ್ಕೆ ಬೇರೆಯದೇ ಅರ್ಥವಿದೆ. ಊರಿನಲ್ಲಿ ಎಸೆದ ಬಾಟಲಿ ಲಾರಿ ಹತ್ತಿ ಕಣ್ಣಿನಿಂದ ಮರೆಯಾಗುತ್ತದೆ. ಪುಟ್ಟ ದ್ವೀಪದಲ್ಲಿ ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲ. ಒಂದೋ ಮಣ್ಣು, ಇಲ್ಲವೇ ಕಡಲು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷಿದ್ಧ. ಮನೆಮಂದಿಗೆ ತಲೆಗೊಂದರಂತೆ ಮತ್ತೆ ಮತ್ತೆ ತುಂಬಿಸಬಹುದಾದ ನೀರಿನ ಬಾಟಲಿ ಇದ್ದರೆ ನಾಲ್ಕು ದಿನದಲ್ಲಿ ಹತ್ತಾರು ಖಾಲಿ ಬಾಟಲಿಗಳು ಆ ದಡದಲ್ಲಿ ಉಳಿಯುವುದು ತಪ್ಪುತ್ತದೆ.

ನೀರಿನ ವಿಚಾರವೂ ಹಾಗೆಯೇ. ಪುಟ್ಟ ದ್ವೀಪಗಳಲ್ಲಿ ಸಿಹಿನೀರೆಂದರೆ ಬಿದ್ದ ಮಳೆ. ಅದು ನೆಲದೊಳಗೆ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಹಾಲಿನ ಮೇಲಿನ ಕೆನೆಯಂತೆ ತೇಲುತ್ತಿರುತ್ತದೆ. ಅತಿಯಾಗಿ ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ರೆಸಾರ್ಟಿನ ಸ್ನಾನದ ಮನೆಯಲ್ಲಿ ಅರ್ಧ ಗಂಟೆ ಷವರ್ ಬಿಟ್ಟು ನಿಲ್ಲುವ ಹುಡುಗನಿಗೆ ಈ ಮಾತು ಮೊದಲೇ ಗೊತ್ತಿದ್ದರೆ ಒಳ್ಳೆಯದು.

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿಯಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದದ ತಂತಿ ಎಳೆದ ಮೇಲೆ ದ್ವೀಪಗಳ ದೂರವಾಣಿ, ಅಂತರ್ಜಾಲದ ಸ್ಥಿತಿ ಎಷ್ಟೋ ಸುಧಾರಿಸಿದೆ. ಆದರೂ ಕೈಯಲ್ಲಿ ಸ್ವಲ್ಪ ನಗದು ಇರಬೇಕು. ಎಳನೀರಿನವನ ಮುಂದೆ ನಿಂತು ಮೊಬೈಲನ್ನು ಆಕಾಶಕ್ಕೆ ಹಿಡಿದು ಸಿಗ್ನಲ್ ಹುಡುಕುವುದು ಇಬ್ಬರಿಗೂ ಶಿಕ್ಷೆ. ಟಿಕೆಟು, ಹೋಟೆಲಿನ ರಸೀದಿಗಳ ಕಾಗದದ ಪ್ರತಿ ಇದ್ದರೆ ಬ್ಯಾಟರಿ ಮುಗಿದ ದಿನ ನೆರವಿಗೆ ಬರುತ್ತದೆ.

ಬರುವಾಗಿನ ಚೀಲ

ಹೋಗುವಾಗಿನ ಸಾಮಾನಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಬರುವಾಗಿನ ಚೀಲದ ಬಗ್ಗೆ ಯೋಚಿಸುವವರು ಕಡಿಮೆ. ಸಮುದ್ರಕ್ಕೆ ಹೋದ ಮಗು ಚಿಪ್ಪು ಆಯುವುದು ಸಹಜ. ಗೆಳೆಯರಿಗೆ ಒಂದು, ಟೀಚರಿಗೆ ಒಂದು, ಗಾಜಿನ ಬೀರುವಿಗೆ ನಾಲ್ಕು. ಅಂಡಮಾನಿನಿಂದ ಹೊರಡುವ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಆ ಪೊಟ್ಟಣ ಹೊರಬೀಳುತ್ತದೆ. ಹವಳಗಳಿಗೂ ಹಲವು ಜಾತಿಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಸತ್ತು ದಡಕ್ಕೆ ಬಿದ್ದ ತುಣುಕಾದರೂ ಹವಳ ಹವಳವೇ. ಕಿತ್ತಿಡುವುದಷ್ಟೇ ಅಲ್ಲ, ಪ್ರಕರಣವೂ ಆಗಬಹುದು. ಮಗುವಿನ ಕಣ್ಣೀರು, ಅಪ್ಪನ ವಾದ, ವಿಮಾನಕ್ಕೆ ಹೊತ್ತಾಯಿತೆಂಬ ಆತಂಕ ಎಲ್ಲವೂ ಒಟ್ಟಿಗೆ.

ಕಾನೂನಿಗಿಂತ ಮಕ್ಕಳಿಗೆ ಬೇಗ ಅರ್ಥವಾಗುವ ಕಾರಣ ಅಲ್ಲಿಯ ದಡದಲ್ಲೇ ಓಡಾಡುತ್ತಿರುತ್ತದೆ. ಕತ್ತಲಾದ ಮೇಲೆ ಟಾರ್ಚು ಹಿಡಿದು ಮರಳಿನ ಮೇಲೆ ನಡೆದರೆ, ಸತ್ತ ಶಂಖವೆಂದು ಬಗೆದದ್ದಕ್ಕೆ ಕಾಲು ಬಂದು ಸರಸರನೆ ಹೊರಡುತ್ತದೆ. ಖಾಲಿ ಚಿಪ್ಪನ್ನೇ ಮನೆ ಮಾಡಿಕೊಂಡು ಬದುಕುವ ಏಡಿ ಅದು. ತಾನು ಬೆಳೆದಂತೆ ಹಳೆಯ ಚಿಪ್ಪು ಬಿಗಿಯಾಗಿ, ದೊಡ್ಡದೊಂದನ್ನು ಹುಡುಕಿಕೊಂಡು ಹೋಗಬೇಕು. ಚಿಪ್ಪು ಸಿಗದಿದ್ದರೆ ಮೆತ್ತನೆಯ ಬೆನ್ನನ್ನು ತೆರೆದುಕೊಂಡು ಹಕ್ಕಿಗೋ ಬೇರೆ ಏಡಿಗೋ ತುತ್ತಾಗಬೇಕು. ಬೆಂಗಳೂರಿನ ಗಾಜಿನ ಬೀರುವಿನಲ್ಲಿ ಧೂಳು ಹಿಡಿಯುವ ಚಿಪ್ಪು ಅಲ್ಲಿ ಒಂದು ಜೀವಕ್ಕೆ ಮನೆ.

ಹವಳವೂ ಕಲ್ಲಲ್ಲ, ಪ್ರಾಣಿಗಳ ಬೀಡು. ಸಾವಿರಾರು ಪುಟ್ಟ ಜೀವಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುತ್ತವೆ. ಅವುಗಳ ಮೈಯೊಳಗೆ ವಾಸಿಸುವ ಪಾಚಿಗಳು ಬಣ್ಣವನ್ನೂ ಆಹಾರವನ್ನೂ ಕೊಡುತ್ತವೆ. ನೀರು ಅತಿಯಾಗಿ ಬಿಸಿಯಾದರೆ ಪಾಚಿ ಹೊರಬಿದ್ದು ಹವಳ ಬಿಳಿಚುತ್ತದೆ. ಅಂಡಮಾನಿನಲ್ಲಿ 1998ರಲ್ಲಿ, 2010ರಲ್ಲಿ ಮತ್ತು 2016ರಲ್ಲಿ ಹೀಗಾಯಿತು. ಬಿಸಿಲಿಗೆಂದು ಮೈಗೆ ಹಚ್ಚುವ ಕೆಲವು ಕ್ರೀಮುಗಳಲ್ಲಿನ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಹವಳಕ್ಕೆ ಹಾನಿಕರವೆಂದು ಹವಾಯಿ ರಾಜ್ಯವು 2021ರಿಂದ ಅಂಥವುಗಳ ಮಾರಾಟವನ್ನು ನಿಲ್ಲಿಸಿದೆ. ಕ್ರೀಮು ಕೊಳ್ಳುವಾಗ ಪೆಟ್ಟಿಗೆಯ ಹಿಂಬದಿ ಓದಿ, ಸತುವಿನ ಆಕ್ಸೈಡ್ ಇರುವುದನ್ನು ಆರಿಸಿಕೊಳ್ಳಬಹುದು. ಉದ್ದ ತೋಳಿನ ಈಜುಡುಗೆ ತೊಟ್ಟರೆ ಕ್ರೀಮಿನ ಖರ್ಚೂ ಅರ್ಧಕ್ಕಿಳಿಯುತ್ತದೆ.

ಚಿಪ್ಪು ಬೇಡವೆಂದರೆ ಮಗು ಏನು ತರಬೇಕು? ನೋಟ್‌ಪುಸ್ತಕದಲ್ಲಿ ಚಿಪ್ಪಿನ ಚಿತ್ರ ಬರೆದುಕೊಳ್ಳಬಹುದು. ದಿನಕ್ಕೆರಡು ಬಾರಿ ಉಬ್ಬರ ಇಳಿತದ ಹೊತ್ತನ್ನು ಬರೆದಿಟ್ಟರೆ, ಅದು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನು ತಾನೇ ಕಂಡುಹಿಡಿಯಬಹುದು. ಅದಕ್ಕೆ ಕಾರಣನಾದ ಚಂದ್ರ ರೆಸಾರ್ಟಿನ ಅಂಗಳದಿಂದಲೇ ಕಾಣುತ್ತಾನೆ. ರಜೆಯ ನಂತರ ತರಗತಿಯಲ್ಲಿ ಹೇಳಲು ಬೀರುವಿನ ಶಂಖಕ್ಕಿಂತ ಇದು ಹೆಚ್ಚು.

ಯಾರು ತುಂಬಬೇಕು?

ಬಹಳಷ್ಟು ಮನೆಗಳಲ್ಲಿ ಪ್ರವಾಸದ ಹಿಂದಿನ ರಾತ್ರಿ ಹನ್ನೆರಡರವರೆಗೆ ಪೆಟ್ಟಿಗೆ ತುಂಬುವವಳು ಅಮ್ಮ ಒಬ್ಬಳೇ. ಬೆಳಗ್ಗೆ ಎದ್ದು ಬಂದವರು ನನ್ನ ಟೋಪಿ ಎಲ್ಲಿ, ನನ್ನ ಚಾರ್ಜರ್ ಎಲ್ಲಿ ಎಂದು ಅವಳನ್ನೇ ಕೇಳುತ್ತಾರೆ. ಪ್ರವಾಸ ಮುಗಿಯುವವರೆಗೂ ಅವಳ ರಜೆ ಶುರುವಾಗುವುದೇ ಇಲ್ಲ. ಎಂಟು ವರ್ಷ ದಾಟಿದ ಮಗು ತನ್ನ ಚೀಲವನ್ನು ತಾನೇ ತುಂಬಬಲ್ಲದು. ಒಂದು ಹಾಳೆಯಲ್ಲಿ ಪಟ್ಟಿ ಬರೆಸಿ, ಪ್ರತಿಯೊಂದರ ಎದುರು ಇದು ಏಕೆ ಎಂದು ಕೇಳಬೇಕು. ಉತ್ತರ ಇಲ್ಲದ್ದನ್ನು ತೆಗೆಯಬೇಕು. ತುಂಬಿದ ಚೀಲವನ್ನು ಹೆಗಲಿಗೇರಿಸಿ ಮನೆಯ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಸಿದರೆ ಇನ್ನಷ್ಟು ಸಾಮಾನು ತಾನಾಗಿಯೇ ಹೊರಬೀಳುತ್ತದೆ. ಜೆಟ್ಟಿಯಲ್ಲಿ ಹಡಗಿನಿಂದ ಇಳಿಯುವಾಗ ಅಪ್ಪನ ಒಂದು ಕೈ ಅಜ್ಜಿಗೆ, ಇನ್ನೊಂದು ಕೈ ಪುಟ್ಟ ತಂಗಿಗೆ ಬೇಕಾಗಿರುತ್ತದೆ. ಆಗ ತನ್ನ ಚೀಲ ತಾನೇ ಹೊತ್ತ ಹುಡುಗ ಮನೆಗೆ ಆಸರೆಯಾಗುತ್ತಾನೆ.

ಕೊನೆಯದಾಗಿ ಪೆಟ್ಟಿಗೆಯ ಬದಿಯಲ್ಲಿ ಮಡಚಿದ ಒಂದು ಗಟ್ಟಿ ಬಟ್ಟೆಯ ಚೀಲ ಇರಲಿ. ಹೋಗುವಾಗ ಅದು ಖಾಲಿ. ಬರುವಾಗ ಒದ್ದೆ ಬಟ್ಟೆ, ತಿಂದು ಮುಗಿಸಿದ ಬಿಸ್ಕತ್ತಿನ ಪೊಟ್ಟಣ, ಮುಗಿದ ಬ್ಯಾಟರಿ, ಖಾಲಿ ಕ್ರೀಮಿನ ಡಬ್ಬಿ, ಒಯ್ದ ಕಸವೆಲ್ಲ ಅದರಲ್ಲಿ ಊರಿಗೆ ಮರಳಬೇಕು. ಗೋವಿಂದನಗರದ ಹುಡುಗರು ಮಾರನೆಯ ಸಂಜೆ ಚೆಂಡು ಒದೆಯಲು ಬರುವುದು ಅದೇ ಮರಳಿಗೆ.